ಅವಸರಮ್ಮನ ಮೂರು ನಿಮಿಷ

ಕೃತಕ ಹಲ್ಲು ಕಟ್ಟುವ ಕೆಲಸದಲ್ಲಿ ಅವಳಷ್ಟು ನಿಧಾನದವರು ಆ ಕಾರ್ಯಾಗಾರದಲ್ಲಿ ಇನ್ನೊಬ್ಬರಿರಲಿಲ್ಲ. ದಂತವೈದ್ಯರ ಕಡೆಯಿಂದ ಬಂದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಅದು ಗಟ್ಟಿಯಾಗುವವರೆಗೆ ಕಾದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುವಳು. ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂರುತ್ತದೆಯೇ ಎಂದು ತಿರುಗಿಸಿ ತಿರುಗಿಸಿ ನೋಡುವಳು. ಒಂದು ಹಲ್ಲು ಕೂದಲೆಳೆಯಷ್ಟು ಓರೆ ಅನಿಸಿದರೂ ಕಿತ್ತು ಮತ್ತೆ ಮೊದಲಿನಿಂದ ಶುರು. "ಹಲ್ಲು ಹುಟ್ಟೋದಕ್ಕೂ ಇಷ್ಟು ಹೊತ್ತು ಬೇಕಾಗಲ್ಲಮ್ಮ" ಎಂದು ಅಲ್ಲಿನ ಯಜಮಾನ ಗೊಣಗುತ್ತಿದ್ದ. ಆದರೂ ತಕರಾರಿನ ಬಾಯಿಗಳನ್ನೆಲ್ಲ ಅವಳ ಮೇಜಿಗೇ ಕಳಿಸುತ್ತಿದ್ದ.

ಅಂಥವಳಿಗೆ ಮನೆಯಲ್ಲಿ ಅವಸರಮ್ಮ ಎಂದು ಹೆಸರು. ಇಟ್ಟವರು ಅವಳ ಸೋದರಮಾವ. ಕಾರಣ ಚದುರಂಗ.

ಮಾವ ಮದುವೆಯಾದವರಲ್ಲ. ಅವಳ ಅಪ್ಪ ತೀರಿಕೊಂಡ ಮೇಲೆ ಅಕ್ಕನಿಗೆ ಆಸರೆಯಾಗಲೆಂದು ಬಂದವರು ಆ ಮನೆಯಲ್ಲೇ ಉಳಿದುಬಿಟ್ಟಿದ್ದರು. ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಪ್ರತಿ ಸಾಲನ್ನೂ ಎರಡು ಸಲ ಓದಿ, ಮೂರನೆಯ ಸಲ ಅಕ್ಷರದ ಮೇಲೆ ಬೆರಳಿಟ್ಟು ಓದುವ ಅವರನ್ನು ಅಚ್ಚುಕೂಟದವರು ಹಿಂದಿನಿಂದ 'ಅಲ್ಪವಿರಾಮ' ಎಂದು ಕರೆಯುತ್ತಿದ್ದರು. ಸೊಸೆಗೆ ಚದುರಂಗ ಕಲಿಸಿದ್ದೂ ಅದೇ ಅಲ್ಪವಿರಾಮದ ಗತಿಯಲ್ಲೇ. ರಜೆಯ ದಿನ ಬೆಳಿಗ್ಗೆ ಮಣೆ ಹಾಸಿದರೆ ಸಂಜೆ ದೀಪ ಹಾಕುವ ಹೊತ್ತಿಗೆ ಒಂದು ಆಟ ಮುಗಿದರೆ ಮುಗಿಯಿತು, ಇಲ್ಲದಿದ್ದರೆ ಇಲ್ಲ. ಇವಳು ಒಂದು ನಡೆ ನಡೆಸಿ ಎದ್ದು ಹೋಗಿ, ತಲೆಗೆ ಸ್ನಾನ ಮಾಡಿ, ಕೂದಲು ಒಣಗಿಸಿಕೊಂಡು ಬಂದರೂ ಮಾವ ಗಲ್ಲಕ್ಕೆ ಕೈಕೊಟ್ಟು ಅದೇ ಕುದುರೆಯನ್ನು ನೋಡುತ್ತ ಕೂತಿರುತ್ತಿದ್ದರು.

"ಮಾವಾ, ಆಡಿ ಮಾವಾ."

"ಯೋಚನೆ ಮಾಡ್ತಿದೀನಿ."

"ಇರೋದು ಒಂದೇ ದಾರಿ. ರಾಜನ್ನ ಪಕ್ಕಕ್ಕೆ ಇಡ್ಬೇಕು, ಅಷ್ಟೇ. ಅದರಲ್ಲಿ ಯೋಚನೆ ಏನಿದೆ?"

"ಒಂದೇ ದಾರಿ ಇರೋದು ನಿಜವಾ ಅಂತ ಯೋಚನೆ ಮಾಡ್ತಿದೀನಿ."

ಕೈಯಲ್ಲಿದ್ದ ಬಾಚಣಿಗೆಯನ್ನು ಮಣೆಯ ಮೇಲೆ ಎಸೆದುಬಿಡಬೇಕು ಅನಿಸುತ್ತಿತ್ತು ಅವಳಿಗೆ. ಹೀಗೆ ಕಾದು ಕಾದು ರೋಸಿಹೋಗಿದ್ದವಳ ಕೈಗೆ ಮೊಬೈಲಿನಲ್ಲಿ ಚದುರಂಗ ಸಿಕ್ಕಾಗ ಬಾಯಾರಿದವಳಿಗೆ ನೀರು ಸಿಕ್ಕ ಹಾಗಾಯಿತು. ಒಬ್ಬೊಬ್ಬರಿಗೆ ಮೂರೇ ನಿಮಿಷ. ಅಷ್ಟರಲ್ಲಿ ಇಡೀ ಆಟ ಮುಗಿಯಬೇಕು, ಸಮಯ ಮುಗಿದವರು ಸೋತಂತೆ. ಆ ಕಡೆ ಕೂತವರು ಯಾವ ದೇಶದವರೋ, ಯಾವ ವಯಸ್ಸಿನವರೋ ತಿಳಿಯದು. ಇವಳು ಆಡಿದ ತಕ್ಷಣ ಅವರೂ ಆಡುತ್ತಿದ್ದರು, ಅವಳಿಗೆ ಅಷ್ಟು ಸಾಕಿತ್ತು. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಪ್ಲಾಸ್ಟರ್ ಒಣಗುವ ಹೊತ್ತಿನಲ್ಲಿ, ಕೊನೆಗೆ ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗಲೂ ಆಡಿದಳು. ಹಾಲು ಉಕ್ಕಿ ಚೆಲ್ಲಿದ್ದೂ ಉಂಟು. ಗೆದ್ದರೆ ಹೆಸರಿನ ಪಕ್ಕದ ಅಂಕ ಏರುತ್ತಿತ್ತು, ಸೋತರೆ ಇಳಿಯುತ್ತಿತ್ತು. ಮೊದಲ ವರ್ಷ ಅದು ಸರಸರ ಏರಿತು. ಆಮೇಲೆ ಒಂದು ಕಡೆ ನಿಂತಿತು. ಏನೇ ಮಾಡಿದರೂ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಮತ್ತೆ ಅಲ್ಲೇ.

ಮಾವನಿಗೆ ಆ ಮೊಬೈಲು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ಅದು ಆಟ ಅಲ್ಲ ಕಣೇ, ತುರಿಕೆ. ತುರಿಸಿಕೊಂಡಷ್ಟೂ ಹಿತ, ಗಾಯ ಮಾತ್ರ ವಾಸಿ ಆಗಲ್ಲ. ವೇಗವಾಗಿ ಓದೋನಿಗೆ ತಪ್ಪು ಕಾಣಲ್ಲ. ಪುಟದಲ್ಲಿ ಇರೋದು ಬಿಟ್ಟು, ತಾನು ಅಂದ್ಕೊಂಡಿದ್ದೇ ಅವನ ಕಣ್ಣಿಗೆ ಕಾಣುತ್ತೆ."

"ನಿಮ್ಮ ಜೊತೆ ಇಡೀ ವರ್ಷ ಆಡಿದ್ರೆ ನಾನು ನೋಡೋದು ಎರಡೋ ಮೂರೋ ಥರದ ಆಟ ಮಾವಾ. ಇಲ್ಲಿ ಒಂದು ಮಧ್ಯಾಹ್ನದಲ್ಲಿ ಅಷ್ಟು ನೋಡ್ತೀನಿ. ಕೈ ಪಳಗೋದು ಹಾಗೇ ತಾನೆ? ನಾನು ಹಲ್ಲು ಕಟ್ಟೋದು ಕಲಿತಿದ್ದೂ ನೂರಾರು ಕಟ್ಟಿನೇ."

"ಕಟ್ಟಿದ್ದನ್ನ ತಿರುಗಿಸಿ ನೋಡ್ತಿದ್ದೆಯಲ್ಲ, ಅದಕ್ಕೆ ಕಲಿತೆ. ಇಲ್ಲಿ ಏನು ತಿರುಗಿಸಿ ನೋಡ್ತೀಯ? ಮುಗೀತು, ಇನ್ನೊಂದು. ಮುಗೀತು, ಇನ್ನೊಂದು."

ಅಮ್ಮನಿಗೆ ಚದುರಂಗದ ಗಂಧಗಾಳಿ ಇರಲಿಲ್ಲ. ಈ ಇಬ್ಬರ ಜಗಳ ಮಾತ್ರ ಅವಳಿಗೆ ಬಾಯಿಪಾಠವಾಗಿತ್ತು. "ಶುರುವಾಯ್ತಾ?" ಎಂದು ಕೇಳಿ, ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ತೊಳೆಯುತ್ತಿದ್ದಳು.

ಕೊನೆಗೆ ಮಾವನ ಬಾಯಿ ಮುಚ್ಚಿಸಬೇಕೆಂದು ಅವಳು ಒಂದು ಪಂದ್ಯಾವಳಿಗೆ ಹೆಸರು ಕೊಟ್ಟಳು. ಒಂದು ಶಾಲೆಯ ಸಭಾಂಗಣದಲ್ಲಿ ಉದ್ದನೆಯ ಮೇಜುಗಳು, ಪ್ರತಿ ಮಣೆಯ ಪಕ್ಕ ಒಂದು ಗಡಿಯಾರ. ಒಬ್ಬೊಬ್ಬರಿಗೆ ಒಂದೂವರೆ ಗಂಟೆ. ಅವಳ ಎದುರಿಗೆ ಕೂತವರು ಕಾರು ಓಡಿಸುವುದನ್ನು ಕಲಿಸುವ ಮೇಷ್ಟರು. ಪಕ್ಕದ ಸೀಟಿನಲ್ಲಿ ಕೂತು ಇನ್ನೊಬ್ಬರ ತಪ್ಪುಗಳನ್ನು ಸಹಿಸುವುದೇ ಕಸುಬಾದ್ದರಿಂದಲೋ ಏನೋ, ಆ ಮನುಷ್ಯನಲ್ಲಿ ಅವಸರ ಅನ್ನುವುದು ಎಳ್ಳಷ್ಟೂ ಇರಲಿಲ್ಲ. ಒಂದು ನಡೆ ನಡೆಸಿ, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡು, ಊದಿ ಊದಿ ಕುಡಿಯುವರು. ಅವರು ಕಾಯಿಯಿಂದ ಕೈ ತೆಗೆಯುವ ಮೊದಲೇ ಇವಳ ನಡೆ ಸಿದ್ಧ. ಆಡಿ, ಗಡಿಯಾರ ಒತ್ತಿ, ಮತ್ತೆ ಕಾಯುವುದು. ಕಿಟಕಿಯ ಗಾಜು ಎಣಿಸಿದಳು. ಎದ್ದು ಹೋಗಿ ನೀರು ಕುಡಿದು ಬಂದಳು. ಇನ್ನೂ ಚಹಾ ಮುಗಿದಿರಲಿಲ್ಲ. 'ಇವರೂ ಮಾವನ ಪೈಕಿಯೇ' ಎಂದು ಒಳಗೊಳಗೇ ಹಲ್ಲು ಕಡಿದಳು.

ಆಟ ಮಾತ್ರ ಅವಳ ಕಡೆಗೇ ವಾಲಿತ್ತು. ಅಷ್ಟರಲ್ಲಿ ಮೇಷ್ಟರು ಮಣೆಯ ಅಂಚಿನಲ್ಲಿ ಒಂದು ಕಾಲಾಳನ್ನು ಕಾವಲಿಲ್ಲದೆ ಬಿಟ್ಟರು. ಇವಳ ಆನೆ ಓಡಿಹೋಗಿ ಅದನ್ನು ಹೊಡೆಯಿತು. ಆನೆ ತನ್ನ ಮನೆಯ ಸಾಲು ಬಿಟ್ಟಿದ್ದೇ ತಡ, ಮೇಷ್ಟರ ಆನೆ ನೇರವಾಗಿ ಇಳಿದು ಆ ಸಾಲಿನಲ್ಲೇ ನಿಂತಿತು. ಇವಳ ರಾಜ ತನ್ನದೇ ಮೂರು ಕಾಲಾಳುಗಳ ಹಿಂದೆ ಸಿಕ್ಕಿಕೊಂಡಿದ್ದ. ಅತ್ತ ಹೋಗುವಂತಿಲ್ಲ, ಇತ್ತ ಹೋಗುವಂತಿಲ್ಲ. ಆಟ ಮುಗಿಯಿತು. ಅವಳ ಗಡಿಯಾರದಲ್ಲಿ ಒಂದು ಗಂಟೆಗೂ ಹೆಚ್ಚು ಸಮಯ ಮುಟ್ಟದೆ ಹಾಗೇ ಬಿದ್ದಿತ್ತು.

"ಚೆನ್ನಾಗಿ ಆಡ್ತೀರಿ" ಎಂದರು ಮೇಷ್ಟರು, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ. "ಆದ್ರೆ ನಾನು ಕೊಟ್ಟಿದ್ದನ್ನೆಲ್ಲ ತಗೊಂಡುಬಿಡ್ತೀರಿ."

ಉಳಿದ ಆಟಗಳ ಕಥೆಯೂ ಹೆಚ್ಚು ಕಡಿಮೆ ಇದೇ ಆಯಿತು. ಮನೆಗೆ ಬಂದಾಗ ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ಅವಳ ಮುಖ ನೋಡಿದವರು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಕೇಳದೆ, "ಊಟ ಮಾಡು" ಎಂದರು. ಅದೇ ಅವಳಿಗೆ ಇನ್ನೂ ಉರಿಯಿತು. ತಟ್ಟೆ ತೆಗೆದುಕೊಂಡು ಹೋಗಿ ತನ್ನ ಕೋಣೆಯಲ್ಲಿ ಕೂತು, ಎಡಗೈಯಲ್ಲಿ ಮೂರು ನಿಮಿಷದ ಆಟ ಆಡುತ್ತ ಉಂಡಳು.

ಇದಾಗಿ ಸ್ವಲ್ಪ ದಿನಕ್ಕೆ ಮಾವ ಮಹಡಿಗೆ ಬಟ್ಟೆ ಒಣಹಾಕಲು ಹೋದವರು ಮೆಟ್ಟಿಲಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೂ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಮಲಗಿದಲ್ಲಿಂದಲೇ ಕೂಗುವುದು ಶುರುವಾಯಿತು. ಫ್ಯಾನು ಹಾಕು, ಫ್ಯಾನು ಆರಿಸು, ದಿಂಬು ಎತ್ತರ ಆಯಿತು, ಪತ್ರಿಕೆಯ ಮೊದಲ ಪುಟದಲ್ಲೇ ಒಂದು ದೀರ್ಘಾಕ್ಷರ ಬಿಟ್ಟುಹೋಗಿದೆ ನೋಡು, ಯಾರಾದರೂ ಬಂದು ಮಣೆ ಹಾಸಿ. ಅಮ್ಮನಿಗೆ ತಲೆ ಚಿಟ್ಟು ಹಿಡಿಯಿತು. "ನನ್ನ ಕೈಲಿ ಆಗಲ್ಲ ಕಣೇ. ಇವನಿಗೆ ಏನಾದ್ರೂ ಕೊಟ್ಟು ಕೂರಿಸು" ಎಂದಳು ಮಗಳಿಗೆ.

ಅವಳ ಹಳೆಯ ಮೊಬೈಲೊಂದು ಇತ್ತು. ಗಾಜಿನ ಮೂಲೆ ಸೀಳಿದ್ದರೂ ಕೆಲಸ ಮಾಡುತ್ತಿತ್ತು. ಅದರಲ್ಲಿ ಚದುರಂಗ ತೆರೆದು, ಎಲ್ಲಿ ಒತ್ತಬೇಕೆಂದು ತೋರಿಸಿ ಮಾವನ ಕೈಗಿಟ್ಟಳು. "ನಿಧಾನದ ಆಟವೂ ಇದೆ ಇದರಲ್ಲಿ. ಇಲ್ಲಿ ಒತ್ತಿ." ಮಾವ ಅದನ್ನು ಸತ್ತ ಇಲಿಯನ್ನು ಹಿಡಿಯುವ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡರು. ಅವಳು ಕೆಲಸಕ್ಕೆ ಓಡಿದಳು. ಆಗ ಕೆಲಸವೂ ವಿಪರೀತ, ಮನೆಯಲ್ಲಿ ರೋಗಿ ಬೇರೆ. ಆಟ ಇರಲಿ, ಸ್ವಂತ ಮೊಬೈಲಿನ ಮುಖ ನೋಡುವುದಕ್ಕೂ ಅವಳಿಗೆ ಪುರಸೊತ್ತಾಗಲಿಲ್ಲ. ಮನೆಯಲ್ಲಿ ಕೂಗಾಟ ನಿಂತಿತು ಅನ್ನುವುದೊಂದೇ ಸಮಾಧಾನ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ, ಊಟದ ಡಬ್ಬಿ ಪಕ್ಕಕ್ಕಿಟ್ಟು ಆಸೆಯಿಂದ ಆಟ ತೆರೆದಳು. ತನ್ನ ಹೆಸರಿನ ಪಕ್ಕದ ಅಂಕ ನೋಡಿ ಕಣ್ಣುಜ್ಜಿಕೊಂಡಳು. ವರ್ಷಗಟ್ಟಲೆ ಆಡಿ ಗಳಿಸಿದ್ದು ಪಾತಾಳಕ್ಕಿಳಿದಿತ್ತು. ಮೊಬೈಲಿನಲ್ಲಿ ಆಡಲು ಶುರುಮಾಡಿದ ದಿನ ಎಷ್ಟಿತ್ತೋ ಅದಕ್ಕಿಂತಲೂ ಕೆಳಗೆ. ಯಾರೋ ತನ್ನ ಖಾತೆಗೆ ಕದ್ದು ನುಗ್ಗಿದ್ದಾರೆಂದುಕೊಂಡಳು. ಮರುಕ್ಷಣವೇ ಹೊಳೆಯಿತು. ಹಳೆಯ ಮೊಬೈಲಿನಲ್ಲಿ ಇದ್ದದ್ದು ಅವಳದೇ ಖಾತೆ!

ಸಂಜೆ ಚಪ್ಪಲಿ ಬಿಡದೆ ಮಾವನ ಕೋಣೆಗೆ ನುಗ್ಗಿದಳು. ಮಾವ ದಿಂಬಿಗೊರಗಿ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಎರಡೂ ಹೆಬ್ಬೆರಳಲ್ಲಿ ಮೊಬೈಲಿನ ಗಾಜು ಕುಟ್ಟುತ್ತಿದ್ದರು. ಪಕ್ಕದಲ್ಲಿ ಚಹಾ ಕೆನೆಗಟ್ಟಿ ತಣ್ಣಗಾಗಿತ್ತು.

"ಮಾವಾ! ಏನು ಮಾಡ್ತಿದೀರಿ?"

"ಶ್! ಸಮಯ ಓಡ್ತಿದೆ... ಛೆ! ಹೋಯ್ತು. ನೀನು ಬಂದು ಕೂಗಿದ್ದಕ್ಕೇ ಹೋಯ್ತು."

"ಮೂರು ನಿಮಿಷದ್ದು ಆಡ್ತಿದೀರಾ? ನೀವು?"

"ನಿಧಾನದ್ದಕ್ಕೆ ಯಾರೂ ಬರಲ್ಲ. ಕಾದು ಕಾದು ಸಾಕಾಯ್ತು."

ಹಿಂದಿನಿಂದ ಅಮ್ಮ ಬಂದು ಬಾಗಿಲಿಗೆ ಒರಗಿ ನಿಂತಳು. "ಬೆಳಿಗ್ಗೆಯಿಂದ ಹೀಗೇ. ಎದುರಿಗೆ ತಟ್ಟೆ ಇಟ್ರೂ ಕಾಣಲ್ಲ ಇವನಿಗೆ. ಮಾತ್ರೆ ನಾನೇ ಬಾಯಿಗೆ ಹಾಕ್ಬೇಕು. ಅದೇನೋ ಗೊತ್ತಿಲ್ದೋರ ಅಪ್ಪ ಅಮ್ಮನ್ನೆಲ್ಲ ಬೈತಾನೆ."

"ನಾನು ಆಡ್ತಿಲ್ಲ ಅಕ್ಕಾ, ಅಧ್ಯಯನ ಮಾಡ್ತಿದೀನಿ. ಇದರಲ್ಲಿ ಏನಿದೆ ಅಂತ ನೋಡೋದು ಬೇಡ್ವಾ?"

"ನಿಮ್ಮ ಅಧ್ಯಯನಕ್ಕೆ ನನ್ನ ಹೆಸರೇ ಬೇಕಿತ್ತಾ?" ಎಂದು ಅವಳು ಚೀರಿದಳು. "ನೋಡಿ, ಎಲ್ಲಿತ್ತು, ಎಲ್ಲಿಗೆ ತಂದಿದೀರಿ! ಎಷ್ಟು ವರ್ಷದ ಶ್ರಮ ಗೊತ್ತಾ ಇದು?"

"ಅಂಕ ತಾನೆ? ಅಂಕದಿಂದ ಏನಾಗುತ್ತೆ? ಶಾಲೆಯ ಸಭಾಂಗಣದಲ್ಲಿ ಅದು ನಿನ್ನ ಕೈ ಹಿಡೀತಾ?"

ಆ ಮಾತು ನೇರವಾಗಿ ಹೋಗಿ ತಾಗಿತು. ಅವಳು ಮೊಬೈಲು ಕಿತ್ತುಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾವ ಮಾಡಿದ ಅನಾಹುತ ಎಷ್ಟೆಂದು ನೋಡಲು ಆಡಿ ಮುಗಿದ ಆಟಗಳನ್ನು ಒಂದೊಂದಾಗಿ ತೆರೆದಳು. ಮಾವನ ಆಟಗಳು ಸುಲಭವಾಗಿ ಗುರುತು ಸಿಕ್ಕುತ್ತಿದ್ದವು. ಕಾಯಿಗಳೆಲ್ಲ ಗಟ್ಟಿಯಾಗಿ, ಅಚ್ಚುಕಟ್ಟಾಗಿ ನಿಂತಿರುತ್ತಿದ್ದವು. ಸಮಯ ಮಾತ್ರ ಮುಗಿದಿರುತ್ತಿತ್ತು. ಮೊದಲ ನಡೆಗೇ ಅರ್ಧ ನಿಮಿಷ! ಎದುರಾಳಿ ಇನ್ನೂ ಒಂದು ಕಾಲಾಳನ್ನು ಮುಂದೆ ದೂಡಿದ್ದಾನಷ್ಟೇ, ಅದಕ್ಕೆ ಯೋಚನೆ. ನೋಡಿ ನೋಡಿ ಅವಳು ಹಣೆ ಚಚ್ಚಿಕೊಂಡಳು. ಮರುದಿನ ಬೆಳಿಗ್ಗೆ ಮಾವನಿಗೆ ಬೇರೆ ಖಾತೆ ತೆರೆದುಕೊಟ್ಟು, ಮೊಬೈಲು ಹಿಂತಿರುಗಿಸುತ್ತ, "ಇಲ್ಲಿ ಯೋಚನೆ ಮಾಡೋದಕ್ಕೆ ಏನೂ ಇಲ್ಲ ಮಾವಾ. ಇದು ಗೊತ್ತಿರೋ ದಾರಿ. ಸುಮ್ನೆ ನಡೀರಿ. ಯೋಚನೆ ಆಮೇಲೆ ಬೇಕಾಗುತ್ತೆ, ಅದಕ್ಕೆ ಸಮಯ ಇಟ್ಕೊಳ್ಳಿ" ಎಂದಳು.

"ಸರಿ. ನನ್ನ ತಪ್ಪು ಹೇಳಿದೆ" ಎಂದರು ಮಾವ. "ನಿನ್ನದು ಹೇಳ್ಲಾ?"

"ನನ್ನದು ಯಾವಾಗ ನೋಡಿದಿರಿ?"

"ಮಲಗಿದ್ದಲ್ಲೇ ಮಲಗಿದ್ದೀನಿ, ಇನ್ನೇನು ಕೆಲಸ? ನೀನು ಸೋತಿದ್ದೆಲ್ಲ ಅದರಲ್ಲೇ ಇತ್ತು. ಓದಿದೆ." ಕರಡು ಓದಿದೆ ಅನ್ನುವ ಧಾಟಿಯಲ್ಲೇ ಹೇಳಿದರು. "ಎಲ್ಲ ಕಡೆ ಒಂದೇ ತಪ್ಪು ಕಣೇ. ಅವನು ಏನಾದ್ರೂ ಬಿಟ್ಟುಕೊಟ್ಟ ಅಂದ್ರೆ ಹೊಡೀತೀಯ. ಯಾಕೆ ಬಿಟ್ಟ ಅಂತ ಕೇಳಲ್ಲ. ಎಲ್ಲೋ ಒಮ್ಮೆ ಆದ್ರೆ ಅದನ್ನ ಅಚ್ಚಿನ ದೋಷ ಅನ್ನಬಹುದು. ಪುಟಪುಟದಲ್ಲೂ ಇದ್ರೆ? ಬರೆದೋನಿಗೆ ಕಾಗುಣಿತವೇ ಗೊತ್ತಿಲ್ಲ ಅಂತ."

"ಮೂರು ನಿಮಿಷದ ಆಟದಲ್ಲಿ ಹೊಡೆದ್ರೆ ನಡೆಯುತ್ತೆ ಮಾವಾ. ಅವರಿಗೂ ಯೋಚನೆ ಮಾಡೋಕೆ ಸಮಯ ಇರಲ್ಲ."

"ಅದಕ್ಕೇ ಅದು ಅಭ್ಯಾಸ ಆಗಿದ್ದು."

ಅವಳು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟಳು. ಬಸ್ಸಿನಲ್ಲಿ ಮಾವನನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಸೋತ ಆಟಗಳನ್ನು ತೆರೆದು ನೋಡಿದಳು. ಮುದುಕ ಹೇಳಿದ್ದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಒಂದರಲ್ಲಿ ಕಾಲಾಳು, ಇನ್ನೊಂದರಲ್ಲಿ ಕುದುರೆ, ಮತ್ತೊಂದರಲ್ಲಿ ಪುಕ್ಕಟೆ ಸಿಕ್ಕ ಒಂಟೆ. ಎಲ್ಲವನ್ನೂ ಕಣ್ಣುಮುಚ್ಚಿ ನುಂಗಿದ್ದಳು. ಗೆದ್ದ ಆಟಗಳಲ್ಲೂ ಅದೇ. ಅಲ್ಲಿ ಎದುರಾಳಿ ಗಮನಿಸದೆ ಬಿಟ್ಟಿದ್ದರಿಂದ ಬಚಾವಾಗಿದ್ದಳು ಅಷ್ಟೇ. ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿ, ಒಂದು ನಿಲ್ದಾಣದಷ್ಟು ದೂರ ಬಿಸಿಲಲ್ಲಿ ನಡೆದು ಬಂದಳು.

ಅಲ್ಲಿಂದ ಮುಂದೆ ಆಡುವುದನ್ನೇನೂ ಬಿಡಲಿಲ್ಲ. ಒಂದು ಆಟ ಮುಗಿದ ಮೇಲೆ ಇನ್ನೊಂದಕ್ಕೆ ಹೋಗದೆ, ಮುಗಿದದ್ದನ್ನು ಮೊದಲಿನಿಂದ ನೋಡುವುದು ಎಂದು ಗೊತ್ತುಮಾಡಿಕೊಂಡಳು. ಹೇಳುವುದಕ್ಕೆ ಸುಲಭ. ಸೋತ ತಕ್ಷಣ ಬೆರಳು ತಾನೇ ಹೋಗಿ ಹೊಸ ಆಟದ ಗುಂಡಿಯ ಮೇಲೆ ಕೂರುತ್ತಿತ್ತು. ಅದನ್ನು ಎಳೆದುಕೊಂಡು, ತಾನು ಮಾಡಿದ ಪೆದ್ದುತನವನ್ನು ತಾನೇ ಮತ್ತೊಮ್ಮೆ ನೋಡುವುದೆಂದರೆ ಕಹಿ ಗುಳಿಗೆ ಅಗಿದ ಹಾಗೆ. ಎಷ್ಟೋ ದಿನ ಆಗಲಿಲ್ಲ. ಆದ ದಿನ ಸಂಜೆ ಮಾವನ ಹಾಸಿಗೆಯ ಅಂಚಿಗೆ ಕೂತು ತೋರಿಸುವಳು. ಮಾವ ಒಂದು ನಡೆಯ ಮೇಲೆ ಬೆರಳಿಟ್ಟು ಅದನ್ನೇ ನೋಡುತ್ತ ಕೂತುಬಿಡುವರು.

"ಏನಾದ್ರೂ ಹೇಳಿ ಮಾವಾ."

"ತಡಿ. ನೋಡ್ತಿದೀನಿ."

"ಮೂರು ನಿಮಿಷದ ಆಟನ ಮೂವತ್ತು ನಿಮಿಷ ನೋಡಿದ್ರೆ ನನಗೆ ಹುಚ್ಚು ಹಿಡಿಯುತ್ತೆ!"

"ಹಿಡೀಲಿ. ಆಮೇಲೆ ಬಿಡಿಸೋಣ."

ಹೀಗೆ ಹಲವು ತಿಂಗಳು. ಮಾವ ಊರುಗೋಲು ಹಿಡಿದು ಅಂಗಳದವರೆಗೆ ನಡೆಯುವಂತಾದರು. ಅವಳ ಅಂಕ ಹಳೆಯ ಜಾಗಕ್ಕೆ ಬಂದಿತು, ಅದನ್ನೂ ದಾಟಿತು, ಬಹಳವೇನಲ್ಲ. ಅಷ್ಟರಲ್ಲಿ ಇನ್ನೊಂದು ಪಂದ್ಯಾವಳಿ ಬಂತು. "ಹೋಗ್ತೀಯಾ?" ಎಂದು ಮಾವ ಕೇಳಿದರು. "ಹೋಗ್ತೀನಿ. ಆದ್ರೆ ಬಂದ ಮೇಲೆ ಊಟ ಮಾಡು ಅನ್ನಬಾರದು" ಎಂದಳು. ಮಾವನಿಗೆ ಏನೂ ಅರ್ಥವಾಗಲಿಲ್ಲ.

ಎರಡನೆಯ ಸುತ್ತಿನಲ್ಲಿ ಅವಳಿಗೆ ಎದುರಾದವಳು ಒಬ್ಬ ಆಸ್ಪತ್ರೆಯ ದಾದಿ, ಚುರುಕು ಕಣ್ಣಿನವಳು. ಆಟ ನಡುವಿಗೆ ಬಂದಾಗ ಆಕೆ ಒಂದು ಒಂಟೆಯನ್ನು ತಂದು ಇವಳ ರಾಣಿಯ ಬಾಯಿಗೆ ಇಟ್ಟಳು. ಇವಳ ಕೈ ಆಗಲೇ ಅರ್ಧ ದಾರಿ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತಳು. ಯಾಕೆ ಬಿಟ್ಟಳು? ಮೊದಲು ಏನೂ ಕಾಣಲಿಲ್ಲ. ಕೈ ಜೋಮು ಹಿಡಿಯಿತು. ಮೈಯೆಲ್ಲ 'ಹೊಡಿ, ಹೊಡಿ' ಎನ್ನುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ರಾಣಿ ಅಲ್ಲಿಗೆ ಹೋದರೆ ಆ ಕಡೆಯ ಕುದುರೆ ಒಂದೇ ನೆಗೆತಕ್ಕೆ ರಾಜನಿಗೂ ರಾಣಿಗೂ ಒಟ್ಟಿಗೆ ಗಂಟು ಬೀಳುತ್ತದೆ ಎನ್ನುವುದು ಕಂಡಿತು. ಒಂಟೆಯನ್ನು ಮುಟ್ಟದೆ, ಆ ಕುದುರೆ ನೆಗೆದು ನಿಲ್ಲಬೇಕಾದ ಮನೆಗೆ ಕಾವಲಾಗುವಂತೆ ಒಂದು ಕಾಲಾಳನ್ನು ಮುಂದೆ ತಳ್ಳಿದಳು. ದಾದಿ ತಲೆ ಎತ್ತಿ ಒಮ್ಮೆ ಇವಳ ಮುಖ ನೋಡಿದಳು.

ಆ ಯೋಚನೆಗೆ ತೆತ್ತ ಸಮಯ ಕಡಿಮೆಯದಲ್ಲ. ಅಲ್ಲಿಂದ ಮುಂದೆ ಪ್ರತಿ ನಡೆಗೂ ಹೀಗೇ ಕೂತಳು. ಕೊನೆಗೆ ಇಬ್ಬರ ಗಡಿಯಾರದಲ್ಲೂ ಉಳಿದದ್ದು ಮೂರೋ ನಾಲ್ಕೋ ನಿಮಿಷ. ದಾದಿ ಮತ್ತೆ ಮತ್ತೆ ಗಡಿಯಾರ ನೋಡತೊಡಗಿದಳು. ಇವಳಿಗೋ ತವರುಮನೆಗೆ ಬಂದ ಹಾಗಾಯಿತು. ಮೂರು ನಿಮಿಷದಲ್ಲಿ ಏನೇನು ಮಾಡಬಹುದೆಂದು ಇವಳಿಗಿಂತ ಚೆನ್ನಾಗಿ ಬಲ್ಲವರು ಆ ಸಭಾಂಗಣದಲ್ಲಿ ಯಾರಿದ್ದರು? ಟಕಟಕ ಆಡಿದಳು. ದಾದಿ ಆತುರದಲ್ಲಿ ಆನೆಯನ್ನು ತಪ್ಪು ಮನೆಗಿಟ್ಟಳು. ಯಾಕೆ ಇಟ್ಟಳೆಂದು ಇವಳು ಒಮ್ಮೆ ತನ್ನನ್ನೇ ಕೇಳಿಕೊಂಡಳು. ಕಾರಣವಿರಲಿಲ್ಲ. ಹೊಡೆದಳು. ಸ್ವಲ್ಪ ಹೊತ್ತಿನಲ್ಲೇ ದಾದಿ ತನ್ನ ರಾಜನನ್ನು ಮಲಗಿಸಿ ಕೈ ಚಾಚಿದಳು.

ಸಂತೋಷ ತಡೆಯಲಾರದೆ ಅವಳು ಹಜಾರಕ್ಕೆ ಓಡಿ ಮನೆಗೆ ಫೋನು ಮಾಡಿದಳು. ಅಮ್ಮ ಎತ್ತಿದಳು.

"ಅಮ್ಮಾ, ಗೆದ್ದೆ! ಮಾವನಿಗೆ ಕೊಡು. ನಿಧಾನವಾಗಿ ಕೂತಿದ್ದಕ್ಕೇ ಗೆದ್ದೆ ಅಂತ ಹೇಳ್ಬೇಕು... ಅಲ್ಲ, ಕೊನೇಲಿ ಬೇಗ ಆಡಿದ್ದಕ್ಕೂ... ಕೊಡು, ನಾನೇ ಹೇಳ್ತೀನಿ."

"ಲೋ, ನಿನ್ನ ಸೊಸೆ ಫೋನು" ಎಂದು ಅಮ್ಮ ಆ ಕಡೆ ಕೂಗಿದ್ದು ಕೇಳಿಸಿತು.

"ತಡಿ ಅಕ್ಕಾ, ತಡಿ! ಇಪ್ಪತ್ತು ಸೆಕೆಂಡು ಉಳಿದಿದೆ! ಆಮೇಲೆ ಮಾಡು ಅನ್ನು!"

"ಗೆದ್ದಳಂತೆ ಕಣೋ!"

"ಯಾರು? ಇವನಾ? ಇವನೆಲ್ಲಿ ಗೆಲ್ತಾನೆ... ಅಯ್ಯೋ ಪಾಪಿ, ಕುದುರೆ ಹೊಡೆದ!"

ಅಮ್ಮ ಫೋನಿಗೆ ಮರಳಿ, "ಕೇಳಿಸ್ತಾ?" ಎಂದಳು. "ನೀವಿಬ್ಬರೂ ಸೇರಿ ನನ್ನನ್ನ ಬೇಗ ಮೇಲಕ್ಕೆ ಕಳಿಸ್ತೀರಿ."

ಮುಂದಿನ ಸುತ್ತಿಗೆ ಕರೆಯುತ್ತಿದ್ದರು. ಅವಳು ಫೋನು ಕಟ್ ಮಾಡಿ, ಜೋಮು ಹಿಡಿದ ಕೈಗಳನ್ನು ತಿಕ್ಕಿಕೊಳ್ಳುತ್ತ ಒಳಗೆ ನಡೆದಳು. ಆ ಸುತ್ತಿನಲ್ಲಿ ಸೋತಳು. ಅದರ ಮುಂದಿನದು ಡ್ರಾ ಆಯಿತು. ಪಟ್ಟಿಯ ನಡುವೆಲ್ಲೋ ಅವಳ ಹೆಸರು ಬಂತು.